ಓಟ ನಿಲ್ಲಿಸಿದೊಡನೆ ನಡುಕ ಹುಟ್ಟುವುದೇಕೆ?

ಶರತ್ಕಾಲದ ಬೆಳಗಿನ ಗುಂಪು ಓಟದಲ್ಲಿ ಟೀ ಶರ್ಟಿನ ಮೇಲೆ ದಪ್ಪ ಜಾಕೆಟ್ ತೊಟ್ಟರೂ, ಜೊತೆಗಾರರಿಗಾಗಿ ನಿಂತೊಡನೆ ನಡುಕ ಬರುತ್ತದೆ ಎಂದಿದ್ದೀರಿ; ಟೀ ಶರ್ಟ್ ಹತ್ತಿಯದಾಗಿದ್ದರೆ ಬಹುಮಟ್ಟಿಗೆ ಅದೇ ಕಾರಣ, ಏಕೆಂದರೆ ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ ಮತ್ತು ಓಟ ನಿಂತಾಗ ಆ ಒದ್ದೆ ಬಟ್ಟೆ ಮೈಯ ಶಾಖವನ್ನು ಬೇಗ ಕಳೆಯುತ್ತದೆ. ಮೊದಲು ಒಳಗೆ ಮೈಗೆ ಅಂಟಿದಂತಿರುವ ತೆಳುವಾದ ಪಾಲಿಯೆಸ್ಟರ್ ಅಥವಾ ಮೆರಿನೊ ಎಂಬ ಕುರಿಯ ನಯವಾದ ಉಣ್ಣೆಯ ಅಂಗಿ ತೊಡಿ (ಉಣ್ಣೆ ನಿಧಾನವಾಗಿ ಒಣಗಿದರೂ ಒದ್ದೆಯಾದಾಗಲೂ ಬೆಚ್ಚಗಿಡುತ್ತದೆ). ಅನಂತರ ದಪ್ಪ ಜಾಕೆಟ್ ಬಿಟ್ಟು, ಗಾಳಿ ತಡೆಯುವ ಹಗುರವಾದ ಜಿಪ್ ಜಾಕೆಟ್ ಬಳಸಿ; ಹೊರಡುವಾಗ ತುಸು ಚಳಿಯೆನಿಸುವುದೇ ಸರಿ. ಬೆವರುವ ಮುನ್ನ ಜಿಪ್ ಇಳಿಸಿ, ನಿಲ್ಲುವ ಮುನ್ನ ಏರಿಸಿ. ಓಟದ ನಂತರದ ಹರಟೆಯನ್ನು ತಪ್ಪಿಸಿಕೊಳ್ಳಬೇಕಾಗಿಲ್ಲ, ಅದಕ್ಕಾಗಿಯೇ ಅಲ್ಲವೇ ಎಷ್ಟೋ ಮಂದಿ ಬರುವುದು. ಮಾತಿಗೆ ನಿಲ್ಲುವ ಮೊದಲೇ ಚೀಲದಲ್ಲಿಟ್ಟ ಒಣ ಅಂಗಿಯನ್ನು ತೊಟ್ಟುಕೊಳ್ಳಿ.