ಕಾಣದ ಡಿಸ್ಕ್, ಹತ್ತದ ನಿದ್ದೆ

ಇಪ್ಪತ್ತಾರರ ಹುಡುಗ, ಬೆಂಗಳೂರಿನ ಡೇಟಾ ಸೆಂಟರ್ ಒಂದರಲ್ಲಿ ರಾತ್ರಿ ಪಾಳಿ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಮೂರು ವಾರದಿಂದ ನಿದ್ದೆಯಿಲ್ಲ. “ಮೇಡಂ, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ” ಅಂತಲೇ ಮಾತು ಶುರುಮಾಡಿದ.

ಸಮಾಧಾನ ಹೇಳುವ ಬದಲು ಆ ರಾತ್ರಿ ಏನಾಯಿತೆಂದು ಕೇಳಿದೆ. ಆಪ್ತಸಲಹೆಗಾರ್ತಿಯಾಗುವ ಮುಂಚೆ ಹನ್ನೆರಡು ವರ್ಷ ಸರ್ವರ್ ನೋಡಿಕೊಂಡವಳು ನಾನು.

ಹಳೆಯ ಸರ್ವರ್‌ಗಳಿಗೆ ಪಿಎಕ್ಸ್‌ಇ ಮೂಲಕ, ಅಂದರೆ ನೆಟ್‌ವರ್ಕ್‌ನಿಂದಲೇ ಬೂಟ್ ಮಾಡಿಸಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಎಂಬ ಆಪರೇಟಿಂಗ್ ಸಿಸ್ಟಂ ಹಾಕಬೇಕಿತ್ತು, ಇನ್‌ಸ್ಟಾಲರ್‌ಗೆ ಉತ್ತರಗಳನ್ನು ಮೊದಲೇ ಬರೆದಿಟ್ಟ ಕಿಕ್‌ಸ್ಟಾರ್ಟ್ ಫೈಲ್ ಹೇಳಿದಂತೆ, ತಾನಾಗಿ. ಎರಡು ಯಂತ್ರ ‘ಡಿಸ್ಕ್ ಇಲ್ಲ’ ಎಂದು ನಿಂತವು. ಮೂರನೆಯದರಲ್ಲಿ ಡಿಸ್ಕ್ ಸಿಕ್ಕಿತು. ಅಳಿಸಿ ಬಳಸಬೇಕಾದ ಡಿಸ್ಕ್ ಎಂದು ಫೈಲಿನಲ್ಲಿದ್ದ ಹೆಸರು ‘ಎಸ್‌ಡಿಎ’, ಸಾಮಾನ್ಯವಾಗಿ ಮೊದಲು ಕಂಡ ಡಿಸ್ಕಿಗೆ ಸಿಗುವ ಹೆಸರು. ಆದರೆ ಆ ಹೆಸರು ಹೊತ್ತು ಬಂದದ್ದು ಒಳಗಿನ 300 ಜಿಬಿ ಡಿಸ್ಕ್ ಅಲ್ಲ, ಸ್ಯಾನ್‌ನಲ್ಲಿದ್ದ (ಹಲವು ಸರ್ವರ್‌ಗಳು ನೆಟ್‌ವರ್ಕ್ ಮೂಲಕ ಬಳಸುವ ಸಂಗ್ರಹ) 4 ಟಿಬಿ, ಗ್ರಾಹಕರ ಡೇಟಾ ಸಮೇತ. ಪ್ಯಾಕೇಜ್‌ಗಳನ್ನು ಕೊಡುವ ರೆಪೋ ಸರ್ವರ್ ಉತ್ತರಿಸದೆ ಇನ್‌ಸ್ಟಾಲರ್ ಕಾಯುತ್ತಿದ್ದಾಗ ಗಾತ್ರ ಅವನ ಕಣ್ಣಿಗೆ ಬಿತ್ತು. ತಕ್ಷಣ ಪವರ್ ತೆಗೆದ. ಯಾರಿಗೂ ಹೇಳಲಿಲ್ಲ.

2019ರ ಆ ರೆಡ್ ಹ್ಯಾಟ್ ಆವೃತ್ತಿ ಹಲವು ಹಳೆಯ ರೇಡ್ ಮತ್ತು ಎಸ್‌ಎಎಸ್ ಕಂಟ್ರೋಲರ್‌ಗಳ (ಡಿಸ್ಕ್‌ಗಳನ್ನು ಸರ್ವರ್‌ಗೆ ಜೋಡಿಸುವ ಕಾರ್ಡ್‌ಗಳ) ಡ್ರೈವರ್ ಕೈಬಿಟ್ಟಿತ್ತು. ಹಾಗಾಗಿ ಒಳಗಿನ ಡಿಸ್ಕ್ ಕರ್ನೆಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ಕಾಣದಿದ್ದರೆ ಎಸ್‌ಡಿಎ ಎಂಬ ಹೆಸರು ಬೇರೆ ಡಿಸ್ಕಿಗೆ ಹೋಗುತ್ತದೆ. ಅದನ್ನು ಬಿಡಿಸಿ ಹೇಳಿದಾಗ ಅವನು ಅತ್ತುಬಿಟ್ಟ. ಅಷ್ಟು ದಿನ ತನ್ನ ಅಜಾಗರೂಕತೆಯೇ ಕಾರಣವೆಂದು ನಂಬಿದ್ದ.

ಆ ಭಯವನ್ನು ಮರೆಯಬೇಡಿ, ಕೆಲಸಕ್ಕೆ ಹಚ್ಚಿ ಎಂದೆ. ಇನ್‌ಸ್ಟಾಲ್‌ಗೆ ಮುಂಚೆ ಆ ಸರ್ವರ್‌ಗೆ ಸ್ಯಾನ್ ಕಾಣದಂತೆ ಮಾಡಿಸಿ. ಎಸ್‌ಡಿಎ ಬದಲು ಆಯಾ ಡಿಸ್ಕಿಗೇ ಅಂಟಿರುವ ಬೈ-ಐಡಿ ಹೆಸರು ಬರೆಯಿರಿ. ಅದು ಸಿಗದಿದ್ದರೆ ಕಿಕ್‌ಸ್ಟಾರ್ಟ್‌ನಲ್ಲಿ ಎಲ್ಲಕ್ಕೂ ಮೊದಲು ಓಡುವ ಪ್ರೀ ಸ್ಕ್ರಿಪ್ಟ್ ಇನ್‌ಸ್ಟಾಲ್ ಅನ್ನು ಅಲ್ಲಿಗೇ ನಿಲ್ಲಿಸಲಿ. ನಿಂತ ಯಂತ್ರದಲ್ಲಿ ಕಂಟ್ರೋಲ್-ಆಲ್ಟ್-ಎಫ್2 ಒತ್ತಿ, ಯಂತ್ರದ ಕಾರ್ಡ್‌ಗಳನ್ನೂ ಅವುಗಳ ಡ್ರೈವರ್‌ಗಳನ್ನೂ ತೋರಿಸುವ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಆದೇಶ ಕೊಟ್ಟು ನೋಡಿ. ಕಂಟ್ರೋಲರ್ ಇದ್ದು ಅದರ ಕೆಳಗೆ ಡ್ರೈವರ್ ಸಾಲು ಇಲ್ಲದಿದ್ದರೆ ‘ಇನ್‌ಸ್ಟ್.ಡಿಡಿ’ ಎಂಬ ಬೂಟ್ ಆಯ್ಕೆಯ ಮೂಲಕ ಡ್ರೈವರ್ ಡಿಸ್ಕ್ ಕೊಡಬೇಕು. ಕಂಟ್ರೋಲರೇ ಕಾಣದಿದ್ದರೆ ಮೊದಲು ಬಯಾಸ್ ನೋಡಿ. ಅಲ್ಲಿಯವರೆಗೆ ಡಿಸ್ಕ್ ಕಾಣಲೆಂದು ಕಿಕ್‌ಸ್ಟಾರ್ಟ್ ಫೈಲ್ ತಿದ್ದಬೇಡಿ.

ಇದೆಲ್ಲಕ್ಕಿಂತ ನಾನು ಒತ್ತಿ ಹೇಳಿದ್ದು ಬೇರೆ: ತಪ್ಪಿದ ಅನಾಹುತವನ್ನು ಟೀಮ್ ಲೀಡ್‌ಗೆ ಬರೆದು ತಿಳಿಸಿ. ಬಚ್ಚಿಟ್ಟದ್ದೇ ಅವನನ್ನು ನಿದ್ದೆಯಿಂದ ಎಬ್ಬಿಸುತ್ತಿತ್ತು ಅನ್ನುವುದು ನನ್ನ ಅಂದಾಜು. ಆ ಮೇಲ್ ನನ್ನ ಕೋಣೆಯಲ್ಲೇ ಕೂತು ಬರೆದ. ಮೂರು ಸಲ “ಕ್ಷಮಿಸಿ” ಅಂತ ಬರೆದಿದ್ದ, ಎರಡನ್ನು ತೆಗೆಸಿದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ.

ಹತ್ತು ದಿನದ ಮೇಲೆ ಬಂದ. ಈಗ ಐದು ಗಂಟೆ ನಿದ್ದೆ ಬರುತ್ತಿದೆ. ಕೆಲವು ದಿನ ಇನ್ನೂ ನಡುವೆ ಎಚ್ಚರವಾಗುತ್ತದೆ, ಹಾಗಾಗಿ ಭೇಟಿ ಮುಂದುವರಿಸಿದ್ದೇವೆ.