ರೈಲ್ವೆ ಇಂಜಿನಿಯರಿಂಗ್ ಓದಿದರೆ ಕೆಲಸ ಗ್ಯಾರಂಟಿನಾ?

ಉತ್ತರ: ಹಳಿ ವಿಭಾಗದ ನಿವೃತ್ತ ಇಂಜಿನಿಯರ್, ಶಿವಮೊಗ್ಗ

ಪ್ರಶ್ನೆ: ಮಗ ಪಿಯುಸಿ ಮುಗಿಸಿದ್ದಾನೆ. ವಡೋದರದ ಗತಿ ಶಕ್ತಿ ವಿಶ್ವವಿದ್ಯಾಲಯದಲ್ಲಿ ರೈಲ್ವೆ ಇಂಜಿನಿಯರಿಂಗ್ ಇದೆಯಂತೆ. ಅದು ರೈಲ್ವೆಯವರದ್ದೇ ಅಲ್ವಾ, ಓದಿದರೆ ಕೆಲಸ ಗ್ಯಾರಂಟಿನಾ? (ಸಾಗರ)

ಗ್ಯಾರಂಟಿ ಇಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ. ಅದು ರೈಲ್ವೆ ಸಚಿವಾಲಯದ ವಿಶ್ವವಿದ್ಯಾಲಯ, ನಿಜ. ಬಿ.ಟೆಕ್ ಸೀಟು ಜೆಇಇ ಮೇನ್ ಮೇಲೆ ಸಿಗುತ್ತದೆ. ಆದರೆ ರೈಲ್ವೆ ಕೆಲಸಕ್ಕೆ ಅಲ್ಲಿ ಓದಿದವನೂ ಪರೀಕ್ಷೆ ಬರೆಯಬೇಕು, ಶಿವಮೊಗ್ಗದಲ್ಲಿ ಸಿವಿಲ್ ಓದಿದವನೂ ಬರೆಯಬೇಕು. ಜೂನಿಯರ್ ಇಂಜಿನಿಯರ್ (ಜೆಇ) ಹುದ್ದೆಗೆ ಆರ್‌ಆರ್‌ಬಿ, ಅಂದರೆ ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆ, ಅದಕ್ಕೆ ಡಿಪ್ಲೊಮಾ ಸಾಕು. ಅಧಿಕಾರಿ ಆಗಬೇಕೆಂದರೆ ಯುಪಿಎಸ್‌ಸಿ.

ರೈಲ್ವೆ ಕೆಲಸದಲ್ಲಿ ಲೆಕ್ಕಕ್ಕೆ ಬರುವುದು ಕೋರ್ಸಿನ ಹೆಸರಲ್ಲ, ಬ್ರಾಂಚು. ಹಳಿ, ಸೇತುವೆ, ಸುರಂಗ ಅಂದರೆ ಸಿವಿಲ್. ಬೋಗಿ, ಗಾಲಿ ಮೆಕ್ಯಾನಿಕಲ್. ಮೇಲಿನ ಕರೆಂಟ್ ತಂತಿ ಎಲೆಕ್ಟ್ರಿಕಲ್, ಸಿಗ್ನಲ್ ಎಲೆಕ್ಟ್ರಾನಿಕ್ಸ್. ಬ್ರಾಂಚು ಗಟ್ಟಿಯಿದ್ದರೆ ರೈಲ್ವೆ ಸಿಗದಿದ್ದರೂ ಮೆಟ್ರೊ, ರೈಲ್ವೆಗೆ ಸೇರಿದ ಸರ್ಕಾರಿ ಕಂಪನಿಗಳಾದ ರೈಟ್ಸ್ ಮತ್ತು ಇರ್ಕಾನ್, ಗುತ್ತಿಗೆ ಕಂಪನಿಗಳು ಇವೆ.

ನಾನು ಸಿವಿಲ್‌ನವನು, ಸ್ವಲ್ಪ ಆ ಕಡೆ ವಾಲುತ್ತೇನೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೋಡಿ. ಸುಮಾರು 55 ಕಿಲೋಮೀಟರಿಗೆ 57 ಸುರಂಗ. ಕಡಿದಾದ ಕಡೆ 50 ಮೀಟರಿಗೆ 1 ಮೀಟರ್ ಏರು. ಅಂಥ ಕಡೆ ಮಳೆಗಾಲದಲ್ಲಿ ಹಳಿಗಿಂತ ಚರಂಡಿಯದೇ ಚಿಂತೆ ಜಾಸ್ತಿ. ನೀರು ನಿಂತರೆ ಜಲ್ಲಿಯೊಳಗೆ ಕೆಸರು ಏಳುತ್ತದೆ, ಹಳಿಯ ಕೆಳಗಿನ ಅಡ್ಡಪಟ್ಟಿ (ಸ್ಲೀಪರ್) ಸಡಿಲವಾಗುತ್ತದೆ, ಹಳಿ ಕೂರುತ್ತದೆ. ಹಳಿ ನೋಡಿಕೊಳ್ಳುವ ಹಳೇ ಗ್ಯಾಂಗ್‌ಮನ್ ಒಬ್ಬರು ನನಗೆ ಟಾರ್ಚ್ ಬೆಳಕಿನಲ್ಲಿ ಚರಂಡಿ ತೋರಿಸಿದ್ದರು. ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಮೇಲೆ ಮಣ್ಣು ಬಿಟ್ಟಿದೆ. ಮಳೆ ಸುರಿಯುತ್ತಿದ್ದರೂ ನೀರು ಕಮ್ಮಿಯಾದರೆ ಇನ್ನೂ ಕೆಟ್ಟದ್ದು, ಮೇಲೆಲ್ಲೋ ಕಟ್ಟಿಕೊಂಡಿದೆ. ಆಮೇಲೆ ಅದು ಗುಡ್ಡದ ಸಮೇತ ಬರುತ್ತದೆ. ಇದನ್ನು ನನಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ರಾತ್ರಿ ಎರಡು ಗಂಟೆಗೆ ರೇನ್‌ಕೋಟ್ ಹಾಕಿಕೊಂಡು ಹೊರಡುವ ಮನಸ್ಸಿದೆಯಾ ಅಂತ ಮಗನನ್ನೇ ಕೇಳಿ. ಎಸಿ ರೂಮೇ ಬೇಕು ಅಂದರೆ ಸುಮ್ನೆ ಸಿವಿಲ್‌ಗೆ ತಳ್ಳಬೇಡಿ.

ಪ್ರಶ್ನೆ: ಕನ್ನಡಕ ಇದೆ. ಲೇಸಿಕ್ (ಕಣ್ಣಿನ ಲೇಸರ್ ಆಪರೇಷನ್) ಮಾಡಿಸಿ ಲೋಕೋ ಪೈಲಟ್ (ರೈಲು ಚಾಲಕ) ಆಗಬಹುದಾ? (ತೀರ್ಥಹಳ್ಳಿ)

ಆಗುವುದಿಲ್ಲ. ಕನ್ನಡಕವಿಲ್ಲದೆ 6/6 ಕಾಣಬೇಕು, ಲೇಸಿಕ್ ಆದವರನ್ನು ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ಜೆಇ ಕೆಲಸ ಕೊಡಿಸುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. (ಹೊಸನಗರ)

ಅಡಿಕೆ ಮಾರಿದ ದುಡ್ಡು ಬ್ಯಾಂಕಿನಲ್ಲೇ ಇರಲಿ. ಜೆಇ ಹುದ್ದೆಗೆ ಸಂದರ್ಶನವೇ ಇಲ್ಲ, ಕಂಪ್ಯೂಟರಿನಲ್ಲಿ ಪರೀಕ್ಷೆ. ಅವನು ಯಾರಿಗೆ ಹೇಳಿ ಕೊಡಿಸುತ್ತಾನೆ, ಕಂಪ್ಯೂಟರಿಗಾ? ಅವನ ಮೆಸೇಜ್ ಅಳಿಸಬೇಡಿ, ಹಾಗೇ ಪೊಲೀಸರಿಗೆ ತೋರಿಸಿ.