ಸ್ಮಾರ್ಟ್ ಸಾಧನಗಳ ಟೆಸ್ಟಿಂಗ್ ಎಲ್ಲಿಂದ ಶುರು ಮಾಡಬೇಕು?

ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿದ್ದೀರಿ, ವೆಬ್‌ಸೈಟ್ ಟೆಸ್ಟಿಂಗ್ ಬರುತ್ತೆ, ಇಂಟರ್ನೆಟ್‌ಗೆ ಸೇರಿದ ಸಾಧನಗಳನ್ನು ಟೆಸ್ಟ್ ಮಾಡಲು ಇನ್ನೇನು ಕಲಿಯಬೇಕು ಅಂತ ಕೇಳಿದ್ದೀರಿ. ನಾನು ಸಕಲೇಶಪುರದ ಕಡೆಯವನು. ಮೊಬೈಲ್‌ನಿಂದ ಮೋಟಾರ್ ಆನ್, ಆಫ್ ಮಾಡುವ ಕಂಟ್ರೋಲರ್‌ಗಳನ್ನು ಟೆಸ್ಟ್ ಮಾಡುವುದೇ ನನ್ನ ಕೆಲಸ.

ಬಟನ್ ಒತ್ತಿದರೆ ಮೋಟಾರ್ ಓಡುತ್ತಾ ಅಂತ ಎಲ್ಲರೂ ನೋಡುತ್ತಾರೆ. ನೀವು ನೋಡಬೇಕಾದದ್ದು ಕರೆಂಟ್ ಹೋಗಿ ಬಂದಾಗ, ನೆಟ್‌ವರ್ಕ್ ಹೋಗಿ ಬಂದಾಗ ಸಾಧನ ಏನು ಮಾಡುತ್ತೆ ಅನ್ನೋದನ್ನ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಶುರುವಾದರೆ ಇವೆರಡೂ ದಿನಾ ಇರುವುದೇ ಅಲ್ವಾ?

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಇಂಥ ಸಾಧನಗಳಲ್ಲಿ ಎಂಕ್ಯೂಟಿಟಿ (MQTT) ಪ್ರೋಟೋಕಾಲ್, ಅಂದರೆ ಚಿಕ್ಕ ಸಂದೇಶಗಳನ್ನು ಕಳಿಸುವ ಒಂದು ಪದ್ಧತಿ, ಬಳಕೆ ಜಾಸ್ತಿ. ಆ್ಯಪ್‌ನ ಸಂದೇಶ ನಡುವೆ ಇರುವ ಬ್ರೋಕರ್ ಸರ್ವರ್ ಮೂಲಕ ತೋಟದ ಸಾಧನಕ್ಕೆ ಬರುತ್ತೆ. ಸಂದೇಶಕ್ಕೆ ‘ರಿಟೇನ್’ ಗುರುತು ಹಾಕಿದ್ದರೆ ಬ್ರೋಕರ್ ಅದನ್ನು ಇಟ್ಟುಕೊಂಡು, ಸಾಧನ ಮತ್ತೆ ಬಂದು ಸಬ್‌ಸ್ಕ್ರೈಬ್ ಆದಾಗ (ಆ ಸಂದೇಶಗಳು ನನಗೆ ಬೇಕು ಅಂತ ಕೇಳಿದಾಗ) ಇನ್ನೊಮ್ಮೆ ಕೊಡುತ್ತೆ. ನೀರಿನ ಮಟ್ಟ ತಿಳಿಸಲು ಇದು ಒಳ್ಳೆಯದೇ. ಆದರೆ ‘ಮೋಟಾರ್ ಆನ್’ ಆದೇಶಕ್ಕೆ ಹಾಕಿದರೆ ಅಪಾಯ. ರೊಬಸ್ಟಾ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಬೆಳಿಗ್ಗೆ ಆ್ಯಪ್‌ನಲ್ಲಿ ಆನ್ ಮಾಡಿದರು, ಸಂಜೆ ಪಂಪ್‌ಹೌಸ್‌ಗೆ ಹೋಗಿ ಕೈಯಲ್ಲೇ ಆಫ್ ಮಾಡಿದರು ಅಂದುಕೊಳ್ಳಿ. ರಾತ್ರಿ ಕರೆಂಟ್ ಹೋಗಿ ಬಂತು. ಬೆಳಗಿನ ಆದೇಶ ಮತ್ತೆ ಸಿಕ್ಕಿ ಮೋಟಾರ್ ತಾನಾಗಿ ಓಡುತ್ತೆ. ಕೆರೆಯಲ್ಲಿ ನೀರು ತಳ ಕಂಡಿದ್ದರೆ ಪಂಪ್ ಹಾಳು. ಆ ಹೊತ್ತಿಗೆ ಯಾರಾದರೂ ಪಂಪ್‌ಗೆ ಕೈ ಹಾಕಿದ್ದರೆ ಜೀವಕ್ಕೇ ಕುತ್ತು. ನನಗೆ ಈ ಕೆಲಸದ ಮೇಲೆ ಇಷ್ಟು ಕಾಳಜಿ ಇರುವುದು ಇದಕ್ಕೇ.

ಅದೇ ಪ್ರೋಟೋಕಾಲ್‌ನಲ್ಲಿ ಸಂದೇಶ ತಲುಪಿಸುವ ಭರವಸೆಯ ಮಟ್ಟಗಳಿವೆ. ‘ಕ್ಯೂಓಎಸ್ 1’ (QoS 1) ಅಂದರೆ ಸಂದೇಶ ಕನಿಷ್ಠ ಒಂದು ಸಲ ತಲುಪುತ್ತೆ. ಎರಡು ಸಲವೂ ಬರಬಹುದು. ಆದೇಶ ‘ಈಗಿರುವುದರ ಉಲ್ಟಾ ಮಾಡು’ ಅಂತಿದ್ದು ಎರಡು ಸಲ ಬಂದರೆ, ಆನ್ ಆದ ಮೋಟಾರ್ ತಕ್ಷಣ ಆಫ್ ಆಗುತ್ತೆ. ಒಂದೇ ಆದೇಶವನ್ನು ಬೇಕಂತಲೇ ಎರಡು ಸಲ ಕಳಿಸಿ ನೋಡಿ.

ಗಡಿಯಾರವನ್ನೂ ಬಿಡಬೇಡಿ. ಬ್ಯಾಟರಿ ಇರುವ ಗಡಿಯಾರ ಚಿಪ್ ಇಲ್ಲದ ಎಷ್ಟೋ ಬೋರ್ಡ್‌ಗಳು ಆನ್ ಆದಾಗ 1970 ಅಂತ ತಿಳಿದುಕೊಳ್ಳುತ್ತವೆ. ಸರ್ವರ್‌ನ ಗುರುತು ತೋರಿಸುವ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಸಾಧನ ಆ ಅವಧಿಯನ್ನು ನೋಡುವಂತಿದ್ದರೆ, ಸರಿಯಾದ ಸಮಯ ಸಿಗುವವರೆಗೆ ಅದನ್ನು ಒಪ್ಪುವುದಿಲ್ಲ, ಸಂಪರ್ಕ ಸಿಗುವುದಿಲ್ಲ. ಫರ್ಮ್‌ವೇರ್ (ಸಾಧನದೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ನಡುವೆ ಪವರ್ ತೆಗೆದು, ಹಳೆಯ ಆವೃತ್ತಿಯಲ್ಲಿ ಮತ್ತೆ ಏಳುತ್ತಾ ನೋಡಿ. ಎಲ್ಲ ಸಾಧನಕ್ಕೂ ಒಂದೇ ಪಾಸ್‌ವರ್ಡ್ ಇದ್ದರೆ ಅದನ್ನೂ ದೋಷ ಅಂತಲೇ ಬರೆಯಿರಿ. 2016ರಲ್ಲಿ ಮಿರಾಯ್ ಮಾಲ್‌ವೇರ್ ಹರಡಿದ್ದು ಕ್ಯಾಮೆರಾ, ರೂಟರ್‌ಗಳ ಬದಲಾಯಿಸದ ಪಾಸ್‌ವರ್ಡ್‌ಗಳಿಂದಲೇ.

ದುಬಾರಿ ಕೋರ್ಸ್ ಬೇಡ. ವೈಫೈ ಇರುವ ಚಿಕ್ಕ ಬೋರ್ಡ್ ಇಎಸ್‌ಪಿ32 (ESP32) ಒಂದು, ಎಲ್‌ಇಡಿ ಒಂದು ತಗೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಮಸ್ಕಿಟೋ (Mosquitto) ಅನ್ನೋ ಬ್ರೋಕರ್ ಸಾಫ್ಟ್‌ವೇರ್ ಹಾಕಿ, ಅದು ಉಚಿತ. ಎಲ್‌ಇಡಿಯನ್ನೇ ಮೋಟಾರ್ ಅಂದುಕೊಂಡು ಮೇಲಿನದ್ದೆಲ್ಲ ಮಾಡಿ. ಪಂಪ್ ಮೋಟಾರ್ ಶುರು ಮಾಡುವ ನಿಜವಾದ ತ್ರೀ ಫೇಸ್ ಸ್ಟಾರ್ಟರ್ ಮುಟ್ಟುವುದು ಎಲೆಕ್ಟ್ರಿಷಿಯನ್ ಜೊತೆಗಿದ್ದಾಗ ಮಾತ್ರ. ದೋಷ ಸಿಕ್ಕಾಗ ಫರ್ಮ್‌ವೇರ್ ಆವೃತ್ತಿ, ಸಿಗ್ನಲ್ ಎಷ್ಟಿತ್ತು, ಪವರ್ ಯಾವ ಕ್ಷಣಕ್ಕೆ ಹೋಯಿತು, ಅದಕ್ಕೆ ಮುಂಚೆ ಸಾಧನ ಯಾವ ಸ್ಥಿತಿಯಲ್ಲಿತ್ತು, ಇಷ್ಟನ್ನೂ ಬರೆದಿಡಿ. ಸುಮ್ನೆ ‘ಕೆಲಸ ಮಾಡ್ತಿಲ್ಲ’ ಅಂತ ಬರೆದರೆ ಫರ್ಮ್‌ವೇರ್ ಬರೆಯುವವರಿಗೆ ಹುಡುಕಲು ದಾರಿಯೇ ಇರುವುದಿಲ್ಲ.